ಮೂರು ದಿನದ ರಜೆ, ಮೂರು ವರ್ಷದ ಮಗಳು

ಈ ಸಲ ಗಾಂಧಿ ಜಯಂತಿ ಶುಕ್ರವಾರ ಬಂದಿದೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. ಇವರು ಆಗಲೇ ಮಡಿಕೇರಿಯ ಜಪ ಶುರು ಮಾಡಿದ್ದಾರೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಗಳು ತಿಂದದ್ದನ್ನೆಲ್ಲ ಯಾರ ಮಡಿಲಿಗೆ ಕಕ್ಕುತ್ತಾಳೆ ಎಂಬುದು ಅವರ ಲೆಕ್ಕಕ್ಕೆ ಬಂದಿಲ್ಲ. ರಾಣಿಪುರಂ ಬೆಟ್ಟ ಹತ್ತೋಣವೆಂದರೆ ಮಳೆ ಪೂರ್ತಿ ಬಿಡದ ಈ ಹೊತ್ತಿನಲ್ಲಿ ಜಿಗಣೆಗಳ ಕಾಟ.

ನನ್ನ ಓಟು ಕಾಸರಗೋಡಿನ ಬೇಕಲ ಕೋಟೆಗೆ. "ಅದು ಇಲ್ಲೇ ಹಿತ್ತಲಿನಲ್ಲಿದೆ, ಅದೆಂಥ ಪ್ರವಾಸ?" ಎಂದು ಅತ್ತೆಯ ರಾಗ. ಇರಲಿ. ಮಗುವಾದ ಮೇಲೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದನ್ನು ಬಿಟ್ಟಿದ್ದೇನೆ. ಒಂದು ಹಸಿವಿನಿಂದ ಇನ್ನೊಂದು ಹಸಿವಿಗೆ ಎಷ್ಟು ಹೊತ್ತು, ಅಷ್ಟೇ ನಮ್ಮ ಪ್ರಪಂಚ. ಕುಂಬಳೆಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಬೇಕಲ ಕೋಟೆ ನಿಲ್ದಾಣದಲ್ಲೇ ಇಳಿಯಬಹುದು. ಐದು ವರ್ಷದೊಳಗಿನವರಿಗೆ ಟಿಕೆಟೂ ಬೇಡ. ಚಂದ್ರಗಿರಿ ಹೊಳೆಯ ಸೇತುವೆ, ಅದು ದಾಟಿದ ಮೇಲೆ ಕಳನಾಡಿನ ಸುರಂಗ. ಸುರಂಗದೊಳಗೆ ಕಿಟಕಿ ಕಪ್ಪಾಗುತ್ತಲೇ ಇವಳು ನನ್ನ ಸೆರಗಿನೊಳಗೆ ತಲೆ ತೂರಿಸಿ, ಬೆಳಕು ಬಂದ ಕೂಡಲೇ "ಇನ್ನೊಮ್ಮೆ" ಎನ್ನುತ್ತಾಳೆ. ಇಕ್ಕೇರಿ ನಾಯಕರು 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆ ಅವಳಿಗೆ ಆಮೇಲಿನ ಮಾತು.

ಮುರಕಲ್ಲಿನ ಆ ಕೋಟೆಯಲ್ಲಿ ನಡು ಮಧ್ಯಾಹ್ನ ನೆರಳು ಹುಡುಕಬೇಕು. ಹಾಗಾಗಿ ನಾಲ್ಕರ ಹೊತ್ತಿಗೆ ಒಳಹೊಕ್ಕು, ಬುರುಜು ಹತ್ತಿ ಕಡಲು ತೋರಿಸಿ, ಪಕ್ಕದ ಮರಳಿಗೆ ಇಳಿಸಿಬಿಡುವುದು. ಥರ್ಮಾಸು, ಎರಡು ಜತೆ ಹೆಚ್ಚಿನ ಬಟ್ಟೆ, ಒಂದು ಡಬ್ಬಿ ಅವಲಕ್ಕಿ ಎಂದು ಬರೆದಿಟ್ಟಾಗಿದೆ. ಇವರು ಇನ್ನೂ ಮೊಬೈಲಿನಲ್ಲಿ ಮಡಿಕೇರಿಯ ಹೋಂಸ್ಟೇಗಳನ್ನು ನೋಡುತ್ತಿದ್ದಾರೆ. ನೋಡಲಿ.