ಒಂದೇ ಚೀಲ ಮಾರಿದ ಶನಿವಾರ

ಅಂಗಡಿಯ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ. ಕಂಕುಳಲ್ಲಿ ಎಂಟು ತಿಂಗಳ ಮಗು, ಕೈಯಲ್ಲಿ ಉಬ್ಬಿದ ಚೀಲ ಹಿಡಿದು ಆಕೆ ಒಳಗೆ ಬಂದರು. ಚೀಲವನ್ನು ಮೇಜಿನ ಮೇಲೆ ಇಟ್ಟ ರಭಸದಲ್ಲೇ ದೂರು ಅರ್ಧ ಗೊತ್ತಾಯಿತು. ಅದರಲ್ಲಿದ್ದವು ಇಪ್ಪತ್ತು ಬಟ್ಟೆ ಡೈಪರ್‌ಗಳು, ಆರು ತಿಂಗಳ ಹಿಂದೆ ನಾನೇ ಎಣಿಸಿ ಕೊಟ್ಟವು.

"ಎಲ್ಲವೂ ಸೋರುತ್ತಿವೆ ಮೇಡಂ. ರಾತ್ರಿ ಮೂರು ಸಲ ಹಾಸಿಗೆ ಬದಲಾಯಿಸಿದ್ದೇನೆ. ವಾಪಸ್ ತೆಗೆದುಕೊಳ್ಳಿ."

ಬಳಸಿದ ಡೈಪರನ್ನು ವಾಪಸ್ ತೆಗೆದುಕೊಂಡು ನಾನೇನು ಮಾಡಲಿ? ಹಾಗೆಂದು ಬಾಯಿಬಿಟ್ಟು ಹೇಳುವಂತಿಲ್ಲ. ಈ ವ್ಯಾಪಾರ ನಡೆಯುವುದೇ ತಾಯಂದಿರ ಬಾಯಿಮಾತಿನ ಮೇಲೆ. ಒಬ್ಬರು ಮುನಿಸಿಕೊಂಡು ಹೋದರೆ ಅವರ ಪರಿಚಯದವರೆಲ್ಲ ಹೋದಂತೆಯೇ.

ಡೈಪರಿನೊಳಗೆ ಇಡುವ, ಒದ್ದೆ ಹೀರುವ ಪ್ಯಾಡ್ ಒಂದನ್ನು ತೆಗೆದು ಮೇಜಿನ ಮೇಲೆ ಹರಡಿ, ಒಂದು ಚಮಚ ನೀರು ಹಾಕಿದೆ. ನೀರು ಇಳಿಯಲೇ ಇಲ್ಲ. ಕೆಸುವಿನೆಲೆಯ ಮೇಲಿನ ಹನಿಯಂತೆ ದುಂಡಗೆ ಕುಳಿತಿತು. ಪ್ಯಾಡನ್ನು ಸ್ವಲ್ಪ ಓರೆ ಮಾಡಿದೊಡನೆ ಉರುಳಿ, ಮೇಜಿನ ಅಂಚಿನಿಂದ ನೇರ ನನ್ನ ಚಪ್ಪಲಿಯ ಮೇಲೆ ಬಿತ್ತು. ಮಗು ಕೇಕೆ ಹಾಕಿ ನಕ್ಕಿತು. ತಾಯಿ ನಗಲಿಲ್ಲ.

"ಒಗೆಯುವಾಗ ಕಂಡಿಷನರ್ ಹಾಕುತ್ತೀರಾ?"

"ಹಾಕದಿದ್ದರೆ ಬಟ್ಟೆ ಒರಟಾಗುತ್ತದಲ್ಲ!"

ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಕಂಡಿಷನರ್ ಬಟ್ಟೆಗೆ ಮೃದುತನ ಕೊಡುವುದು ಎಳೆಗಳ ಮೇಲೆ ಒಂದು ಜಿಡ್ಡಿನ ಪದರ ಹಚ್ಚಿಯೇ. ಆ ಪದರ ಕೂತ ಮೇಲೆ ನೀರು ಒಳಗೆ ಇಳಿಯುವ ದಾರಿ ಮುಚ್ಚುತ್ತದೆ. ಕೆಂಪು ಗುಳ್ಳೆಗಳಿಗೆ ಹಚ್ಚುವ ದಪ್ಪನೆಯ ಮುಲಾಮು ಮಾಡುವುದೂ ಇದೇ ಕೆಲಸ. ಸಾಲದ್ದಕ್ಕೆ ಅವರು ಮೈಕ್ರೋಫೈಬರ್, ಅಂದರೆ ಕೃತಕ ನೂಲಿನ ಪ್ಯಾಡ್ ಬಳಸುತ್ತಿದ್ದರು. ಅದು ಬೇಗ ಹೀರುತ್ತದೆ ನಿಜ, ಆದರೆ ಒತ್ತಡ ಬಿದ್ದರೆ ಸ್ಪಂಜಿನಂತೆ ಹೀರಿದ್ದನ್ನೆಲ್ಲ ಹೊರಗೆ ಕಕ್ಕುತ್ತದೆ. ಮಗು ಬೋರಲು ಮಲಗಲು ಕಲಿತ ದಿನದಿಂದ ಸೋರಿಕೆ ಹೆಚ್ಚಾಯಿತು ಎಂದು ಆಕೆ ಹೇಳಿದ್ದು ಸುಮ್ಮನೆ ಅಲ್ಲ. ಬಿಸಿನೀರಿನಲ್ಲಿ ಒಗೆದು, ನೊರೆ ಕಾಣದಾಗುವವರೆಗೆ ಜಾಲಿಸಿ, ರಾತ್ರಿಗೆ ಮೈಕ್ರೋಫೈಬರಿನ ಕೆಳಗೆ ಸೆಣಬಿನಂಥ ಗಿಡದ ನಾರಿನ ಹೆಂಪ್ ಪ್ಯಾಡ್ ಒಂದನ್ನು ಇಡಿ ಎಂದೆ. ಹೆಂಪ್ ಪ್ಯಾಡ್ ಮೊದಲ ನಾಲ್ಕೈದು ಒಗೆತದವರೆಗೆ ಸರಿಯಾಗಿ ಹೀರುವುದಿಲ್ಲ, ಬೈಯಬೇಡಿ ಎಂದೂ ಸೇರಿಸಿದೆ.

ಇದನ್ನೆಲ್ಲ ಆರು ತಿಂಗಳ ಹಿಂದೆಯೇ ಹೇಳಬೇಕಿತ್ತು. ಹೇಳಿದ್ದೆ ಎಂದುಕೊಂಡಿದ್ದೆ. ನಿಜವಾಗಿ ಮಾಡಿದ್ದು, ಇರುವೆ ಸಾಲಿನಂಥ ಅಕ್ಷರಗಳ ಚೀಟಿಯೊಂದನ್ನು ಡಬ್ಬಿಯೊಳಗೆ ತುರುಕಿದ್ದು. ಎರಡು ತಿಂಗಳ ಕೂಸನ್ನು ಎತ್ತಿಕೊಂಡ, ನಿದ್ದೆಗೆಟ್ಟ ಹೆಂಗಸು ಅದನ್ನು ಓದುತ್ತಾಳೆಂದು ನಂಬಿದ್ದು ನನ್ನದೇ ತಪ್ಪು. ದೊಡ್ಡ ಅಂಗಡಿಯಲ್ಲಿ ಕಪಾಟಿನಿಂದ ಒಂದು ಕಟ್ಟು ಎಳೆದುಕೊಂಡರೆ ವ್ಯಾಪಾರ ಮುಗಿಯಿತು. ನಮ್ಮಲ್ಲಿ ಅದು ಮಾರಿದ ಮೇಲೆ ಶುರುವಾಗುತ್ತದೆ. ಆ ಸಮಯಕ್ಕೆ ಬಿಲ್ ಹಾಕುವ ಉಪಾಯ ನನಗಿನ್ನೂ ಹೊಳೆದಿಲ್ಲ.

ಆಕೆ ಹೊರಟಾಗ ಎರಡು ಗಂಟೆ ಕಳೆದಿತ್ತು. ಹೆಂಪ್ ಪ್ಯಾಡ್ ಕೊಳ್ಳಲಿಲ್ಲ. ಮೊದಲು ಒಗೆದು ನೋಡುತ್ತೇನೆ ಎಂದರು. ನಾನೂ ಅದೇ ಸರಿ ಎಂದೆ.

ಮಧ್ಯಾಹ್ನ ಒಂದು ಜೋಡಿ, ಮೂರು ತಿಂಗಳ ಮಗುವಿನೊಂದಿಗೆ. ಕೂಸನ್ನು ಮೈಗೆ ಕಟ್ಟಿಕೊಂಡು ಹೊರುವ ಬೇಬಿ ಕ್ಯಾರಿಯರ್ ಬೇಕಿತ್ತು. ಕೂಸಿನಷ್ಟೇ ತೂಕವಿರುವ ನನ್ನ ಗೊಂಬೆಯನ್ನು ಕಟ್ಟಿ ತೋರಿಸಿ, ಆಮೇಲೆ ಮಗುವನ್ನೇ ಕೂರಿಸಿದೆವು. ಮೊಣಕಾಲು ಕುಂಡಿಗಿಂತ ಮೇಲಿರಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು, ಮುಖ ಸದಾ ಕಣ್ಣಿಗೆ ಕಾಣುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಲ್ಲ ಎದೆಗೆ ಒತ್ತಬಾರದು, ಕೊರಳಿನ್ನೂ ನಿಲ್ಲದ ಕೂಸಿಗೆ ಅಷ್ಟರಿಂದಲೇ ಉಸಿರು ಕಟ್ಟಬಹುದು. ನಾಲ್ಕು ಬಗೆಯವನ್ನು ಕಟ್ಟಿ ಬಿಚ್ಚಿದ ಮೇಲೆ ಮೂರನೆಯದು ಇಬ್ಬರಿಗೂ ಒಪ್ಪಿಗೆಯಾಯಿತು. ಮಗು ಅದರಲ್ಲೇ ನಿದ್ದೆ ಹೋಯಿತು. ಆಗ ಗಂಡ ಮೆಲ್ಲನೆ ಮೊಬೈಲ್ ತೆಗೆದು ಲೇಬಲ್ಲಿನ ಫೋಟೋ ತೆಗೆದುಕೊಂಡ. "ಯೋಚಿಸಿ ಬರುತ್ತೇವೆ" ಎಂದರು. ಫೋಟೋ ತೆಗೆದವರು ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಆನ್‌ಲೈನಿನಲ್ಲಿ ಅದು ನನ್ನ ಸಗಟು ದರದ ಹತ್ತಿರಕ್ಕೇ ಸಿಗುತ್ತದೆಂದು ನನಗೂ ಗೊತ್ತು. ಇರಲಿ, ಮಗುವನ್ನು ಸರಿಯಾಗಿ ಕೂರಿಸುವುದನ್ನಾದರೂ ಕಲಿತು ಹೋದರು.

ಆಮೇಲೆ ಗಿರಾಕಿಗಳಿಲ್ಲದ ಎರಡು ಗಂಟೆ. ದಾಸ್ತಾನು ಎಣಿಸಿದೆ. ಸಗಟು ವ್ಯಾಪಾರಿ ಕಡಿಮೆ ಸಂಖ್ಯೆಯಲ್ಲಿ ಕೊಡುವುದಿಲ್ಲ. ಎಲ್ಲರೂ ಕೇಳುವ ಆ ಒಂದು ಚಿತ್ರದ ಡೈಪರ್ ಬೇಕೆಂದರೆ ಯಾರೂ ಕೇಳದ ಐದು ಚಿತ್ರದವನ್ನೂ ಹೊತ್ತು ತರಬೇಕು. ದುಡ್ಡೆಲ್ಲ ಗೂಬೆ ಚಿತ್ರದ ರೂಪದಲ್ಲಿ ಕಪಾಟಿನಲ್ಲಿ ಕುಳಿತಿದೆ, ನನ್ನನ್ನೇ ದಿಟ್ಟಿಸುತ್ತಾ.

ಬಟ್ಟೆ ಡೈಪರ್ ಪರಿಸರಕ್ಕೆ ಒಳ್ಳೆಯದೇ ಎಂದು ದಿನಕ್ಕೊಬ್ಬರು ಕೇಳುತ್ತಾರೆ. ಹೌದು ಎಂದುಬಿಟ್ಟರೆ ಮಾರಾಟಕ್ಕೆ ಸುಲಭ. ಆದರೆ 2008ರಲ್ಲಿ ಬ್ರಿಟನ್ನಿನ ಪರಿಸರ ಏಜೆನ್ಸಿ ಪ್ರಕಟಿಸಿದ ವರದಿಯನ್ನು ಓದಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಎರಡೂವರೆ ವರ್ಷದ ಬಳಕೆಗೆ ಬಿಸಾಡುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊಗೆಯಾದರೆ, ಸಾಧಾರಣ ರೀತಿಯಲ್ಲಿ ಒಗೆದ ಬಟ್ಟೆಯಿಂದ 570 ಕಿಲೋ. ಯಂತ್ರ ತುಂಬಿಸಿ ಒಗೆದು, ಹೊರಗೆ ಗಾಳಿಯಲ್ಲಿ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ಉಪಯೋಗಿಸಿದರೆ ಸುಮಾರು 200 ಕಿಲೋ ಉಳಿತಾಯ. ಕೊನೆಯ ಮಾತನ್ನು ಗಮನಿಸಿ. ಸರಕು ಒಳ್ಳೆಯದಾಗಬೇಕಾದರೆ ಗಿರಾಕಿ ಮತ್ತೆ ಬರಬಾರದು!

ಸಂಜೆ ಹಿರಿಯರೊಬ್ಬರು ಬಂದು ಅಂಬರ್ ಮಣಿಸರ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೆಯ ಮರದಂಟಿನ ಮಣಿಗಳ ಸರ ಕೇಳಿದರು, ಮೊಮ್ಮಗನಿಗೆ ಹಲ್ಲು ಮೂಡುವ ನೋವಿಗೆ. ಅಂಗಡಿ ಶುರುವಾದಾಗ ನಾನೂ ಅದನ್ನು ಮಾರಿದ್ದೇನೆ. ವ್ಯಾಪಾರಿಗೆ ಅಂಥ ಸರಕು ಇನ್ನೊಂದಿಲ್ಲ. ಅಳತೆಯ ರಗಳೆಯಿಲ್ಲ, ಸೋರುವುದಿಲ್ಲ, ಒಂದು ತಟ್ಟೆಯಲ್ಲಿ ತಿಂಗಳ ಬಾಡಿಗೆ ಹುಟ್ಟುತ್ತಿತ್ತು. ಮೈಬಿಸಿಗೆ ಮಣಿಯಿಂದ ಸಕ್ಸಿನಿಕ್ ಆಮ್ಲ ಚರ್ಮಕ್ಕಿಳಿದು ನೋವು ತಗ್ಗಿಸುತ್ತದೆ ಎಂಬ ಮಾತನ್ನು ನಾನೇ ಎಷ್ಟೋ ಜನರಿಗೆ ಒಪ್ಪಿಸಿದ್ದೆ. ಅದಕ್ಕೆ ಆಧಾರವಿರಲಿಲ್ಲ. 2018ರ ಡಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಸರಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹದಿನೆಂಟು ತಿಂಗಳ ಮಗುವೊಂದು ನಿದ್ದೆಯಲ್ಲಿ ಅಂಬರ್ ಸರ ಕೊರಳಿಗೆ ಬಿಗಿದು ತೀರಿಕೊಂಡಿತ್ತು. ಅದನ್ನು ಓದಿದ ದಿನ ತಟ್ಟೆಯನ್ನು ಕಪಾಟಿನಿಂದ ಇಳಿಸಿದೆ.

"ಇಲ್ಲ, ಅದನ್ನು ಮಾರುವುದಿಲ್ಲ" ಎಂದು ಕಾರಣ ವಿವರಿಸಿದೆ. ತಣ್ಣಗೆ ಮಾಡಿದ ಒದ್ದೆ ಬಟ್ಟೆ ಕಚ್ಚಲು ಕೊಡಿ, ಸಾಕು ಎಂದೆ.

"ಒದ್ದೆ ಬಟ್ಟೆಗೆ ನಿಮ್ಮ ಅಂಗಡಿ ಯಾಕೆ ಬೇಕು?" ಎಂದು ಅವರು ನಕ್ಕು ಹೊರಟರು. ಹೋಗುವಾಗ ಪಾಪ ಎನಿಸಿತೇನೋ, ಒದ್ದೆ ಡೈಪರ್ ಹಾಕಿಡುವ ಚೀಲವೊಂದನ್ನು ಕೊಂಡರು. ಗೂಬೆ ಚಿತ್ರದ್ದು.

ಅದೇ ಆ ದಿನದ ಬೋಣಿ, ಅದೇ ಒಟ್ಟು ವ್ಯಾಪಾರ. ಲೆಕ್ಕಪುಸ್ತಕದಲ್ಲಿ ಒಂದೇ ಸಾಲು ಬರೆದು ಬೀಗ ಹಾಕುತ್ತಿದ್ದಾಗ ಮೊಬೈಲಿಗೆ ಬೆಳಗಿನ ತಾಯಿಯ ಸಂದೇಶ ಬಂತು. ನಾಲ್ಕು ಸಲ ಜಾಲಿಸಿದರಂತೆ, ಈಗ ನೀರು ಇಳಿಯುತ್ತಿದೆಯಂತೆ. ಅದರ ಹಿಂದೆಯೇ ಇನ್ನೊಂದು: "ಮುಂದಿನ ತಿಂಗಳು ನನ್ನ ತಂಗಿಗೆ ಹೆರಿಗೆ. ಚಿಕ್ಕ ಅಳತೆಯವು ನನ್ನ ಬಳಿಯೇ ಇವೆ, ಕೊಳ್ಳುವುದೇನಿಲ್ಲ. ಬಳಸುವುದು ಹೇಗೆಂದು ಅವಳಿಗೂ ಒಂದು ಸಲ ಹೇಳಿಕೊಡುತ್ತೀರಾ ಮೇಡಂ?"

ಸೋಮವಾರ ಹತ್ತು ಗಂಟೆಗೆ ಕರೆದುಕೊಂಡು ಬನ್ನಿ ಎಂದು ಬರೆದೆ.