ಮೆಸ್ಡಾಖ್ ಬರೆದ ಕಡಲು

ನೆದರ್ಲೆಂಡ್ಸ್‌ನ ದಿ ಹೇಗ್‌ಗೆ ಹೋದವರು ವರ್ಮೀರ್ ಬರೆದ ಮುತ್ತಿನ ಓಲೆಯ ಹುಡುಗಿಯ ಚಿತ್ರವನ್ನು ನೋಡದೆ ಬರುವುದಿಲ್ಲ. ನಾನೂ ಅಕ್ಕನ ಮಗಳ ಜೊತೆ ಹೋಗಿ ನೋಡಿದೆ. ಆದರೆ ಆ ಊರು ಅಂದರೆ ಈಗ ನನಗೆ ನೆನಪಾಗುವುದು ಹೆಂಡ್ರಿಕ್ ವಿಲೆಮ್ ಮೆಸ್ಡಾಖ್ ಎಂಬ ಚಿತ್ರಕಾರ.

ಝೇಸ್ಟ್ರಾಟ್ ಬೀದಿಯಲ್ಲಿ ಅವನ ಪನೋರಮಾ ಇದೆ, ಅಂದರೆ ನಡುವೆ ನಿಂತು ನೋಡುವವರನ್ನು ಸುತ್ತುವರಿಯುವ ದೊಡ್ಡ ಚಿತ್ರ. ಕತ್ತಲ ಓಣಿ ದಾಟಿ, ಸುತ್ತುಮೆಟ್ಟಿಲು ಹತ್ತಿ ತಲೆ ಎತ್ತಿದರೆ ಸುತ್ತಲೂ ಬಯಲು! ಒಂದು ಕಡೆ ಉತ್ತರ ಸಮುದ್ರ, ಇನ್ನೊಂದು ಕಡೆ ಸ್ಖೇವೆನಿಂಗೆನ್ ಎಂಬ ಮೀನುಗಾರರ ಹಳ್ಳಿಯ ಹೆಂಚಿನ ಮನೆಗಳು. ನಾವು ಮರಳುದಿಬ್ಬದ ತುದಿಯಲ್ಲಿ ನಿಂತಿದ್ದೇವೆ. ಕೆಳಗಿರುವ ಮರಳು ನಿಜವಾದದ್ದು. ಅದು ಎಲ್ಲಿ ಮುಗಿದು ಬಣ್ಣದ ಮರಳು ಎಲ್ಲಿ ಶುರುವಾಗುತ್ತದೆ ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಕ್ಯಾನ್ವಾಸಿನ ಮೇಲಂಚನ್ನು ಚಾವಣಿ ಮುಚ್ಚಿದೆ, ಕೆಳಂಚನ್ನು ಈ ಮರಳು. ಬೆಳಕು ಬರುವುದು ಮೇಲಿನ ಗಾಜಿನಿಂದ. ಹೊರಗೆ ಮೋಡ ಕವಿದಾಗ ಒಳಗಿನ ಕಡಲೂ ಮಂಕಾಯಿತು. ಬಿಸಿಲು ಬಿದ್ದಾಗ ಮತ್ತೆ ಹೊಳೆಯಿತು. ಅಕ್ಕನ ಮಗಳು ನನ್ನ ಕೈ ಹಿಡಿದು, "ಚಿಕ್ಕಮ್ಮಾ, ನೋಡು ನೋಡು" ಅಂದಳು.

ಚಿತ್ರದ ಎತ್ತರ 14 ಮೀಟರ್, ಸುತ್ತಳತೆ ಸುಮಾರು 120 ಮೀಟರ್. ಬರೆದದ್ದು 1881ರಲ್ಲಿ. ಮೆಸ್ಡಾಖ್ ದಿಬ್ಬದ ಮೇಲೆ ಗಾಜಿನ ಉರುಳೆಯೊಂದನ್ನು ನಿಲ್ಲಿಸಿ, ಅದರೊಳಗೆ ಕೂತು, ಕಂಡದ್ದನ್ನೆಲ್ಲ ಗಾಜಿನ ಮೇಲೇ ಗೆರೆ ಎಳೆದನಂತೆ. ಆಮೇಲೆ ದೀಪದ ಬೆಳಕಿನಲ್ಲಿ ಆ ಗೆರೆಗಳನ್ನು ಕ್ಯಾನ್ವಾಸಿನ ಮೇಲೆ ಬೀಳಿಸಿ ಬರೆದುಕೊಂಡರು. ಜೊತೆಗೆ ಬೇರೆ ಚಿತ್ರಕಾರರೂ ಇದ್ದರು. ದಂಡೆಯ ಮೇಲಿನ ಕುದುರೆ ಸವಾರರು ಬ್ರೈಟ್ನರ್ ಎಂಬ ಹುಡುಗನ ಕೈಚಳಕ. ಹಳ್ಳಿಯನ್ನು ಬರೆದವಳು ಮೆಸ್ಡಾಖ್‌ನ ಹೆಂಡತಿ ಸಿಂಟ್ಯೆ. ಕಡಲ ದಂಡೆಯಲ್ಲಿ ಬಿಳಿ ಕೊಡೆಯ ಕೆಳಗೆ ಕೂತು ಚಿತ್ರ ಬರೆಯುತ್ತಿರುವ ಪುಟ್ಟ ಹೆಂಗಸೂ ಅವಳೇ. ಅವಳನ್ನು ಅಲ್ಲಿ ಕೂರಿಸಿದ್ದು ಗಂಡ. ನನಗೆ ಅತಿ ಇಷ್ಟವಾದದ್ದು ಆ ಪುಟ್ಟ ಕೊಡೆ.

ಯಾಕೆಂದರೆ ಅವಳಿಲ್ಲದೆ ಈ ಚಿತ್ರಕಾರನೇ ಇರುತ್ತಿರಲಿಲ್ಲ. ಗ್ರೋನಿಂಗೆನ್‌ನಲ್ಲಿ 1831ರಲ್ಲಿ ಹುಟ್ಟಿದ ಮೆಸ್ಡಾಖ್ ಅಪ್ಪನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಸಿಂಟ್ಯೆಗೆ ತವರಿನ ಆಸ್ತಿ ಬಂತು. ಅವಳು ಹುರಿದುಂಬಿಸಿದಳು. ಮೂವತ್ತೈದರ ವಯಸ್ಸಿನಲ್ಲಿ ಅವನು ಬ್ಯಾಂಕ್ ಬಿಟ್ಟು ಚಿತ್ರಕಲೆ ಕಲಿಯಲು ಹೊರಟ. 1869ರಲ್ಲಿ ಸಮುದ್ರ ಹತ್ತಿರವಿರಲಿ ಅಂತಲೇ ದಿ ಹೇಗ್‌ಗೆ ಬಂದು ನೆಲೆಸಿದ. ಮರುವರ್ಷವೇ ಪ್ಯಾರಿಸ್‌ನ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಅವನ ಕಡಲಿನ ಚಿತ್ರಕ್ಕೆ ಚಿನ್ನದ ಪದಕ! ಬೇಕೆನ್ನುವ ಕೆಲಸವನ್ನು ತಡವಾಗಿ ಹಿಡಿದವರ ಕಥೆ ಕೇಳಿದರೆ ನನಗೆ ಸುಮ್ನೆ ಖುಷಿಯಾಗುತ್ತದೆ.

ಮಧ್ಯಾಹ್ನ ಟ್ರಾಮ್ ಹಿಡಿದು ನಿಜವಾದ ಸ್ಖೇವೆನಿಂಗೆನ್‌ಗೇ ಹೋದೆವು. ಚಿತ್ರದಲ್ಲಿ ಅಗಲ ತಳದ ದೋಣಿಗಳು ಮರಳ ಮೇಲೆ ಸಾಲಾಗಿ ನಿಂತಿವೆ, ಆಗ ಅಲ್ಲಿ ಬಂದರು ಇರಲಿಲ್ಲ. ಈಗ ದೊಡ್ಡ ಹೋಟೆಲುಗಳು, ಅಂಗಡಿಗಳು, ಜನವೋ ಜನ. ಅವನು ಕೂತಿದ್ದ ದಿಬ್ಬವನ್ನು ಆ ಕಾಲದಲ್ಲೇ ಅಗೆದು ಸಮ ಮಾಡಿಬಿಟ್ಟರು. ಚಿತ್ರವೂ ಅದೇ ದಾರಿ ಹಿಡಿಯಬೇಕಿತ್ತು. ಪನೋರಮಾ ನಡೆಸುತ್ತಿದ್ದ ಕಂಪನಿ 1886ರಲ್ಲಿ ದಿವಾಳಿಯಾಯಿತು. ಮೆಸ್ಡಾಖ್ ತನ್ನ ಕೈಯಿಂದಲೇ ದುಡ್ಡು ಹಾಕಿ ಅದನ್ನು ಕೊಂಡುಕೊಂಡ. ಅದಕ್ಕೇ ಅದು ಇವತ್ತಿಗೂ ಬರೆದ ಜಾಗದಲ್ಲೇ ಇದೆ.