ಸಮುದ್ರಕ್ಕೆ ಕಬ್ಬಿಣ ಸುರಿದರೆ ಸಾಕಲ್ವಾ?

ಕಡಲಿನ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದವರು ಮೊದಲೆಲ್ಲ ಸುನಾಮಿ, ಶಾರ್ಕ್ ಅಂತ ಕೇಳುತ್ತಿದ್ದರು. ಈಗ ಜಾಸ್ತಿ ಬರುವ ಪ್ರಶ್ನೆ ಕಬ್ಬಿಣದ್ದು. "ಅಂಟಾರ್ಕ್ಟಿಕಾ ಸುತ್ತ ಇರೋ ಸಮುದ್ರಕ್ಕೆ ಒಂದಿಷ್ಟು ಕಬ್ಬಿಣ ಹಾಕಿದ್ರೆ ಪಾಚಿ ಬೆಳೆದು ಗಾಳಿಯಲ್ಲಿರೋ ಕಾರ್ಬನ್ ಎಲ್ಲ ಎಳ್ಕೊಳ್ಳುತ್ತಂತೆ. ಇಷ್ಟು ಸುಲಭ ಇದ್ರೆ ಯಾಕೆ ಯಾರೂ ಮಾಡ್ತಿಲ್ಲ?"

ಮಾಡಿದ್ದಾರೆ, ಒಂದಲ್ಲ ಹತ್ತಾರು ಸಲ. ಅದರಲ್ಲಿ ಒಮ್ಮೆ ನಮ್ಮ ಗೋವಾದ ವಿಜ್ಞಾನಿಗಳೇ ಮುಂದೆ ನಿಂತು ಮಾಡಿದ್ದಾರೆ. ಪಾಚಿ ಬೆಳೆಯುತ್ತದೆ, ಅದರಲ್ಲಿ ಅನುಮಾನ ಬೇಡ. ತೊಂದರೆ ಇರುವುದು ಬೆಳೆದ ಮೇಲೆ. ಬೆಳೆದದ್ದು ಆಳಕ್ಕೆ ಮುಳುಗಬೇಕು. ಮುಳುಗದಿದ್ದರೆ ಯಾವುದೋ ಜೀವಿಗೆ ಒಳ್ಳೆ ಊಟ ಆಯಿತು ಅಷ್ಟೇ, ಹವಾಮಾನಕ್ಕೆ ಏನೂ ಆಗಲಿಲ್ಲ.

ಮೊದಲು ಕಬ್ಬಿಣವೇ ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅಂಟಾರ್ಕ್ಟಿಕಾ ಸುತ್ತಲಿನ ಈ ದಕ್ಷಿಣ ಸಾಗರದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಧಾರಾಳವಾಗಿವೆ. ಬೇಸಿಗೆಯಲ್ಲಿ ಬೆಳಕೂ ಇದೆ. ಆದರೂ ಅಲ್ಲಿನ ಬಹುಪಾಲು ನೀರು ತಿಳಿಯಾಗಿಯೇ ಇರುತ್ತದೆ. ಕಾರಣ, ಕರಗಿದ ಕಬ್ಬಿಣ ತೀರಾ ಕಡಿಮೆ. ಆಮ್ಲಜನಕ ಇರುವ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲುವುದಿಲ್ಲ, ತುಕ್ಕಾಗಿ ಕೆಳಗಿಳಿಯುತ್ತದೆ. ಬೇರೆ ಕಡೆ ಮರುಭೂಮಿಯ ದೂಳು ಗಾಳಿಯಲ್ಲಿ ಬಂದು ಬಿದ್ದು ಆ ಕೊರತೆ ತುಂಬುತ್ತದೆ. ಅಂಟಾರ್ಕ್ಟಿಕಾ ಇಡೀ ಮಂಜುಗಡ್ಡೆ, ದೂಳು ಎಲ್ಲಿಂದ ಬರಬೇಕು? ಸುಣ್ಣದ ಅಂಶ ಜಾಸ್ತಿ ಇರುವ ಹೊಲದಲ್ಲಿ ಶೇಂಗಾ ಎಲೆ ಹಳದಿಯಾಗುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಗೊಬ್ಬರ ಎಷ್ಟು ಹಾಕಿದರೂ ಬೆಳೆ ಏಳುವುದಿಲ್ಲ, ಅನ್ನಭೇದಿ ಸಿಂಪಡಿಸಿದರೆ ಕೆಲವೇ ದಿನದಲ್ಲಿ ಹಸಿರು. ಸಮುದ್ರದ ಪ್ರಯೋಗಗಳಲ್ಲಿ ಸುರಿದಿದ್ದೂ ಅದೇ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್.

ಈ ಯೋಚನೆಯನ್ನು ಜನಪ್ರಿಯ ಮಾಡಿದವರು ಜಾನ್ ಮಾರ್ಟಿನ್ ಎಂಬ ಅಮೆರಿಕದ ಸಮುದ್ರ ವಿಜ್ಞಾನಿ. ಅರ್ಧ ಟ್ಯಾಂಕರ್ ಕಬ್ಬಿಣ ಕೊಡಿ, ನಿಮಗೊಂದು ಹಿಮಯುಗ ತಂದುಕೊಡುತ್ತೇನೆ ಅಂತ 1988ರಲ್ಲಿ ಒಂದು ಉಪನ್ಯಾಸದಲ್ಲಿ ತಮಾಷೆ ಮಾಡಿದ್ದರು. ಆ ತಮಾಷೆಯನ್ನೇ ಜನ ಇವತ್ತಿಗೂ ನನ್ನ ಹತ್ತಿರ ಪ್ರಶ್ನೆಯಾಗಿ ತರುತ್ತಾರೆ. ಪಾಪ, 1993ರಲ್ಲಿ ಮೊದಲ ಪ್ರಯೋಗ ನಡೆಯುವ ಹೊತ್ತಿಗೆ ಮಾರ್ಟಿನ್ ಇರಲಿಲ್ಲ. ದಕ್ಷಿಣ ಸಾಗರದಲ್ಲಿ ಮೊದಲ ಸಲ ಸುರಿದದ್ದು 1999ರಲ್ಲಿ. ಹಡಗು ವಾಪಸ್ ಹೋಗಿ ವಾರಗಳಾದ ಮೇಲೂ ಸುಮಾರು 150 ಕಿ.ಮೀ. ಉದ್ದದ ಹಸಿರು ಪಟ್ಟಿ ಉಪಗ್ರಹದ ಚಿತ್ರದಲ್ಲಿ ಕಾಣುತ್ತಿತ್ತು. ನೋಡಲು ಭರ್ಜರಿ. ಆದರೆ ಹಡಗು ಅಲ್ಲಿದ್ದ ದಿನಗಳಲ್ಲಿ ಹೇಳಿಕೊಳ್ಳುವಷ್ಟು ಕಾರ್ಬನ್ ಕೆಳಗೆ ಹೋಗಿದ್ದು ಕಾಣಲಿಲ್ಲ.

ಈಗ ಗೋವಾದ ಕಥೆ. ಲೋಹಾಫೆಕ್ಸ್ ಅಂತ ಇದರ ಹೆಸರು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ಮಾಡಿದ್ದು. ನಾಯಕರು ಇಬ್ಬರು, ನಮ್ಮ ಕಡೆಯಿಂದ ವಜೀಹ್ ನಖ್ವಿ, ಅವರ ಕಡೆಯಿಂದ ವಿಕ್ಟರ್ ಸ್ಮೆಟಾಚೆಕ್. 2009ರ ಜನವರಿಯಲ್ಲಿ ಪೋಲಾರ್‌ಸ್ಟರ್ನ್ ಹಡಗು ಕೇಪ್‌ಟೌನ್ ಬಿಟ್ಟಿತು. ಅದು ಹೊರಟ ಬೆನ್ನಿಗೇ ಗಲಾಟೆ ಶುರು. ಸಮುದ್ರವನ್ನು ಹಾಳು ಮಾಡುತ್ತಿದ್ದಾರೆ, ಅಂತರರಾಷ್ಟ್ರೀಯ ಒಪ್ಪಂದ ಮುರಿಯುತ್ತಿದ್ದಾರೆ ಅಂತ ಪರಿಸರ ಸಂಘಟನೆಗಳು ಎದ್ದವು. ಜರ್ಮನ್ ಸರ್ಕಾರ ಕೆಲಸ ನಿಲ್ಲಿಸಿ ಅಂತ ಹೇಳಿತು. ಹಡಗು ನಡುನೀರಿನಲ್ಲಿ, ವಿಜ್ಞಾನಿಗಳು ಅಪ್ಪಣೆಗೆ ಕಾಯುತ್ತಾ ಕೂತರು. ತಜ್ಞರ ವರದಿ ತರಿಸಿಕೊಂಡು, ತಿಂಗಳ ಕೊನೆಗೆ ಒಪ್ಪಿಗೆ ಕೊಟ್ಟರು.

ಅವರು ಹುಡುಕಿದ್ದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ನಿಧಾನವಾಗಿ ತಿರುಗುವ ಒಂದು ದೊಡ್ಡ ಸುಳಿ. ಸುಳಿಯ ಒಳಗಿನ ನೀರು ಹೊರಗಿನ ನೀರಿನೊಂದಿಗೆ ಬೇಗ ಬೆರೆಯುವುದಿಲ್ಲ, ಹಾಗಾಗಿ ಹಾಕಿದ ಕಬ್ಬಿಣ ಎಲ್ಲಿದೆ ಅಂತ ಹಿಂಬಾಲಿಸಬಹುದು. ನಡುವೆ ಒಂದು ತೇಲುವ ಬೋಯ್ ಬಿಟ್ಟು, ಅದರ ಸುತ್ತ ಹಡಗು ಅಗಲಗಲವಾಗಿ ಸುತ್ತುತ್ತಾ ಹೋಗುತ್ತದೆ. ಡೆಕ್ ಮೇಲಿನ ಟ್ಯಾಂಕುಗಳಲ್ಲಿ ಅನ್ನಭೇದಿಯನ್ನು ಸಮುದ್ರದ ನೀರಿಗೇ ಕಲಸಿ, ಪೈಪಿನಲ್ಲಿ ಹಡಗಿನ ಹಿಂದೆ ಬಿಡುತ್ತಾರೆ. 300 ಚದರ ಕಿ.ಮೀ. ನೀರಿಗೆ ಹೀಗೆ ಕಬ್ಬಿಣ ಬಿತ್ತು. ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ ಜಾಗ, ಅದಕ್ಕೆ ಕೆಲವೇ ಟನ್ ಕಬ್ಬಿಣ. ಆಮೇಲೆ 39 ದಿನ ಅದನ್ನೇ ಹಿಂಬಾಲಿಸಿದರು.

ಮೊದಲ ಎರಡು ವಾರ ಎಲ್ಲ ಅಂದುಕೊಂಡ ಹಾಗೇ ಆಯಿತು. ಪಾಚಿ ಎರಡು ಪಟ್ಟು ಆಯಿತು. ಅಲ್ಲಿಗೇ ನಿಂತಿತು. ಕೋಪೆಪಾಡ್ ಅಂತ ಅಕ್ಕಿಕಾಳಿಗಿಂತ ಚಿಕ್ಕ ಸೀಗಡಿ ಜಾತಿಯ ಜೀವಿಗಳಿವೆ. ಅವು ಬಂದು, ಬೆಳೆದದ್ದನ್ನು ಬೆಳೆದ ಹಾಗೇ ತಿಂದು ಮುಗಿಸಿದವು. ಅವನ್ನು ತಿನ್ನಲು ಆಂಫಿಪಾಡ್ ಅಂತ ಸ್ವಲ್ಪ ದೊಡ್ಡವು ಬಂದವು. ಆಂಫಿಪಾಡ್ ಅಂದರೆ ಸ್ಕ್ವಿಡ್‌ಗಳಿಗೆ, ಕೆಲವು ತಿಮಿಂಗಿಲಗಳಿಗೆ ಹಬ್ಬ. ತಿಂದ ಪ್ರತಿ ಜೀವಿಯೂ ಉಸಿರಾಡುತ್ತದೆ, ಉಸಿರಿನಲ್ಲಿ ಕಾರ್ಬನ್ ಮತ್ತೆ ನೀರಿಗೆ, ನೀರಿನಿಂದ ಗಾಳಿಗೆ. ಆಳಕ್ಕೆ ಇಳಿದದ್ದು ತೀರಾ ಅಲ್ಪ.

ಹಾಗಾದರೆ ಈ ಐಡಿಯಾ ಸುಳ್ಳಾ? ಇಲ್ಲಿ ಅವಸರ ಬೇಡ. ಅದೇ ಹಡಗಿನಲ್ಲಿ, ಅದೇ ಸ್ಮೆಟಾಚೆಕ್ 2004ರಲ್ಲಿ ಐಫೆಕ್ಸ್ ಅಂತ ಇನ್ನೊಂದು ಪ್ರಯೋಗ ಮಾಡಿದ್ದರು. ಅಲ್ಲಿ ಬೆಳೆದ ಪಾಚಿಯಲ್ಲಿ ಕನಿಷ್ಠ ಅರ್ಧದಷ್ಟು 1000 ಮೀಟರ್‌ಗಿಂತ ಕೆಳಗೆ ಮುಳುಗಿತು. ಅದೇ ಅನ್ನಭೇದಿ, ಅದೇ ಸಾಗರ, ಫಲಿತಾಂಶ ಮಾತ್ರ ಪೂರ್ತಿ ಉಲ್ಟಾ.

ವ್ಯತ್ಯಾಸ ಮಾಡಿದ್ದು ಸಿಲಿಕಾ, ಅಂದರೆ ಗಾಜಿನ ಮೂಲವಸ್ತು. ಡಯಾಟಮ್ ಎಂಬ ಪಾಚಿ ತನ್ನ ಸುತ್ತ ಗಾಜಿನ ಮನೆ ಕಟ್ಟಿಕೊಳ್ಳುತ್ತದೆ, ಒಂದರೊಳಗೆ ಒಂದು ಸರಿಯಾಗಿ ಕೂರುವ ಎರಡು ಚಿಪ್ಪು. ಕೆಲವು ಜಾತಿಗಳಿಗೆ ಚಿಪ್ಪಿನಿಂದ ಹೊರಚಾಚಿದ ಉದ್ದನೆ ಮುಳ್ಳುಗಳೂ ಇವೆ. ಇವನ್ನು ತಿನ್ನುವುದು ಸುಲಭವಲ್ಲ. ಸಾಯುವ ಹೊತ್ತಿಗೆ ಈ ಮುಳ್ಳುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಅಂಟಿಕೊಂಡು, ಉಂಡೆಯಾಗಿ ಬೇಗ ಕೆಳಗಿಳಿಯುತ್ತವೆ. 2004ರ ಸುಳಿಯಲ್ಲಿ ಸಿಲಿಕಾ ಇತ್ತು, ಡಯಾಟಮ್ ಎದ್ದವು. 2009ರ ಸುಳಿಯಲ್ಲಿ ಅದಕ್ಕೂ ಮುಂಚೆ ತಾನಾಗಿ ಎದ್ದಿದ್ದ ಬ್ಲೂಮ್‌ಗಳು, ಅಂದರೆ ಒಮ್ಮೆಲೇ ದಟ್ಟವಾಗಿ ಬೆಳೆದ ಪಾಚಿ, ಸಿಲಿಕಾವನ್ನು ಖಾಲಿ ಮಾಡಿದ್ದವು. ಮೇಲೆ ಬಂದದ್ದು ಚಿಪ್ಪಿಲ್ಲದ ಮೆತ್ತನೆಯ ಪುಟ್ಟ ಪಾಚಿಗಳು. ಕೋಪೆಪಾಡ್‌ಗೆ ಇನ್ನೇನು ಬೇಕು?

ಲೋಹಾಫೆಕ್ಸ್ ಸೋತಿತು ಅಂತ ಪತ್ರಿಕೆಗಳು ಬರೆದವು. ನನಗೆ ಅದು ಒಪ್ಪಿಗೆಯಿಲ್ಲ. ದಕ್ಷಿಣ ಸಾಗರದ ಉತ್ತರ ಭಾಗದಲ್ಲಿ ಬಹುಪಾಲು ಕಡೆ ಬೇಸಿಗೆಯಲ್ಲಿ ಸಿಲಿಕಾ ಕಡಿಮೆಯೇ. ಅಲ್ಲಿ ಕಬ್ಬಿಣ ಹಾಕಿ ಪ್ರಯೋಜನವಿಲ್ಲ ಅಂತ ಖಚಿತವಾಗಿ ತೋರಿಸಿದ್ದು ಸಣ್ಣ ಕೆಲಸವಾ?

ಇನ್ನು ಕೆಲವರು ಆರ್ಕ್ಟಿಕ್‌ನಲ್ಲಿ ಹಾಕಬಹುದಲ್ವಾ ಅನ್ನುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮೊದಲು ಮುಗಿಯುವುದು ನೈಟ್ರೇಟ್, ಕಬ್ಬಿಣ ಅಲ್ಲ. ಅಲ್ಲಿನ ಕಥೆಯೇ ಬೇರೆ. 2011ರಲ್ಲಿ ಚುಕ್ಚಿ ಸಮುದ್ರದಲ್ಲಿ ಮಂಜುಗಡ್ಡೆಯ ಕೆಳಗೇ ನೂರು ಕಿ.ಮೀ.ಗೂ ಮೀರಿ ಹಬ್ಬಿದ ಬ್ಲೂಮ್ ಸಿಕ್ಕಿತು. ಮೇಲೆ ಕರಗಿ ನಿಂತ ನೀರಿನ ಹೊಂಡಗಳು ಬೆಳಕನ್ನು ಕೆಳಕ್ಕೆ ಬಿಡುತ್ತಿದ್ದವು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಸರಿ, ಸಿಲಿಕಾ ಇರುವ ದಕ್ಷಿಣದ ನೀರನ್ನೇ ಹುಡುಕಿ ದೊಡ್ಡದಾಗಿ ಸುರಿದರೆ? ಆಗ ಇನ್ನೊಂದು ಲೆಕ್ಕ ಬರುತ್ತದೆ. ದಕ್ಷಿಣ ಸಾಗರದಲ್ಲಿ ಬಳಕೆಯಾಗದೆ ಉಳಿದ ನೈಟ್ರೇಟ್, ಫಾಸ್ಫೇಟ್ ಸುಮ್ನೆ ಅಲ್ಲೇ ಬಿದ್ದಿರುವುದಿಲ್ಲ. ನೀರಿನ ಜೊತೆ ಅಡಿಯಲ್ಲಿ ಉತ್ತರಕ್ಕೆ ಹರಿದು, ವರ್ಷಗಟ್ಟಲೆ ಆದ ಮೇಲೆ ಬಿಸಿ ಸಮುದ್ರಗಳಲ್ಲಿ ಮೇಲೆ ಬಂದು ಅಲ್ಲಿನ ಪಾಚಿಗೆ, ಆ ಮೂಲಕ ಮೀನಿಗೆ ಆಹಾರವಾಗುತ್ತದೆ. ಅದನ್ನು ದಕ್ಷಿಣದಲ್ಲೇ ಮುಗಿಸಿಬಿಟ್ಟರೆ ಉತ್ತರದವರ ಪಾಲು ಕಡಿತ. ಇಲ್ಲಿ ಲಾಭ, ಅಲ್ಲಿ ನಷ್ಟ. ಸುರಿದವರು ಲಾಭವನ್ನು ಮಾತ್ರ ತೋರಿಸುತ್ತಾರೆ ಅನ್ನುವುದು ನನ್ನ ಭಯ.

ಪ್ರಯೋಗ ಬೇಡ ಅನ್ನುವವನಲ್ಲ ನಾನು. ಇನ್ನೂ ಆಗಲಿ, 39 ದಿನದ ಬದಲು ವರ್ಷಗಟ್ಟಲೆ ಅಳೆಯಲಿ. 2014ರಿಂದ ದಕ್ಷಿಣ ಸಾಗರದಲ್ಲಿ ನೂರಾರು ರೋಬೋಟ್ ಫ್ಲೋಟ್‌ಗಳನ್ನು ಬಿಟ್ಟಿದ್ದಾರೆ. ಹಡಗು ಹೋಗಲಾಗದ ಚಳಿಗಾಲದಲ್ಲೂ ಮುಳುಗಿ ಎದ್ದು ಅಳತೆ ಕಳಿಸುತ್ತವೆ. ಆ ಅಳತೆ ನೋಡಿ 2018ರಲ್ಲಿ ವಿಜ್ಞಾನಿಗಳು, ಚಳಿಗಾಲದಲ್ಲಿ ಈ ಸಾಗರ ಅಂದುಕೊಂಡದ್ದಕ್ಕಿಂತ ಜಾಸ್ತಿ ಕಾರ್ಬನ್ ಹೊರಗೆ ಬಿಡುತ್ತಿದೆ ಅಂದರು. 2021ರಲ್ಲಿ ವಿಮಾನದಿಂದ ಗಾಳಿ ಅಳೆದವರು, ಇಲ್ಲ, ಒಟ್ಟಾರೆ ಜೋರಾಗಿಯೇ ಹೀರುತ್ತಿದೆ ಅಂದರು. ಇಡೀ ಸಾಗರದ ಲೆಕ್ಕದಲ್ಲೇ ಇಷ್ಟು ಜಗಳ ಇರುವಾಗ, ಯಾವನೋ ಒಬ್ಬ ಒಂದು ಸುಳಿಗೆ ಅನ್ನಭೇದಿ ಸುರಿದು ಇಷ್ಟು ಟನ್ ಕಾರ್ಬನ್ ಇಳಿಸಿದ್ದೇನೆ, ಅದರ ಲೆಕ್ಕಕ್ಕೆ ಮಾರುವ ಕಾರ್ಬನ್ ಕ್ರೆಡಿಟ್ ಕೊಂಡುಕೊಳ್ಳಿ ಅಂತ ಬಂದರೆ ನಾನಂತೂ ದುಡ್ಡು ಕೊಡಲ್ಲ.